ಬಿಸಿಲೇರುವ ಮೊದಲಿನ ಸಂತೆ

ವಾರದ ಕೊನೆಯ ರೈತ ಸಂತೆಗೆ ಹೋಗುವ ಮುಂಚಿನ ರಾತ್ರಿ ನಾನು ಎರಡು ಕೆಲಸ ಮಾಡಿಡುತ್ತೇನೆ. ಹಳೇ ಹತ್ತಿ ಬಟ್ಟೆಯೊಂದನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಆಮೇಲೆ ಒಂದು ಚೀಟಿ ಬರೆಯುತ್ತೇನೆ. ಅದು ತರಕಾರಿ ಪಟ್ಟಿ ಅಲ್ಲ, ದಿನಗಳ ಪಟ್ಟಿ. ಭಾನುವಾರ ಮನೆಯಲ್ಲಿ ಎಷ್ಟು ಜನ, ಮಂಗಳವಾರ ಅಡುಗೆಗೆ ಪುರುಸೊತ್ತು ಇದೆಯೋ ಇಲ್ಲವೋ, ಗುರುವಾರ ಯಾರು ಬರುತ್ತಾರೆ, ಇಷ್ಟೇ. ಏನು ಕೊಳ್ಳಬೇಕು ಅನ್ನೋದನ್ನು ಸಂತೆ ಹೇಳುತ್ತದೆ. ಯಾವತ್ತಿಗೆ ಕೊಳ್ಳಬೇಕು ಅನ್ನೋದು ಮಾತ್ರ ನನಗೆ ಗೊತ್ತಿರಬೇಕು.

ಈ ಬುದ್ಧಿ ಬಂದದ್ದು ನಷ್ಟ ಆದ ಮೇಲೆ. ಮೊದಮೊದಲು ಹತ್ತು ಗಂಟೆಗೆ ಆರಾಮಾಗಿ ಹೋಗುತ್ತಿದ್ದೆ. ಒಮ್ಮೆ ನಾಲ್ಕು ಕಟ್ಟು ಸೊಪ್ಪನ್ನು ಮೊದಲೇ ಕೊಂಡು, ಗಾಡಿಯಲ್ಲಿಟ್ಟು, ಉಳಿದದ್ದಕ್ಕೆ ಸುಮ್ನೆ ಒಂದು ಗಂಟೆ ಸುತ್ತಾಡಿದೆ. ಬಂದು ನೋಡಿದರೆ ಸೊಪ್ಪೆಲ್ಲ ಬಿಸಿನೀರಲ್ಲಿ ಅದ್ದಿ ತೆಗೆದ ಹಾಗೆ ಜೋತುಬಿದ್ದಿತ್ತು. ಯಾರೋ ಕತ್ತಲಲ್ಲೇ ಎದ್ದು, ಬಗ್ಗಿ ಬಗ್ಗಿ ಕಿತ್ತು, ಕಟ್ಟು ಕಟ್ಟಿ ತಂದ ಸೊಪ್ಪು ಅದು. ಅವತ್ತು ನಿಜವಾಗಿ ಬೇಜಾರಾಯಿತು.

ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತಲೇ ಇರುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟು ಆಗುತ್ತದೆ. ತನ್ನೊಳಗಿನ ಸಕ್ಕರೆಯನ್ನೇ ಸುಟ್ಟುಕೊಳ್ಳುತ್ತದೆ, ನೀರು ಕಳೆದುಕೊಳ್ಳುತ್ತದೆ. ಚಳಿ ದೇಶದ ಸಂತೆಯಲ್ಲಿ ಹತ್ತು ಗಂಟೆಗೂ ಹನ್ನೊಂದಕ್ಕೂ ಅಷ್ಟೇನೂ ವ್ಯತ್ಯಾಸ ಇರಲಿಕ್ಕಿಲ್ಲ. ಸೆಕೆಯ ನಾಡಿನಲ್ಲಿ ಒಂದು ಗಂಟೆ ಅಂದ್ರೆ ತುಂಬಾ ಜಾಸ್ತಿ. ಹಾಗಾಗಿ ಈಗ ಬೆಳಕು ಹರಿಯುತ್ತಿದ್ದ ಹಾಗೆ ಅಲ್ಲಿರುತ್ತೇನೆ.

ಹೋದ ತಕ್ಷಣ ಏನನ್ನೂ ಕೊಳ್ಳುವುದಿಲ್ಲ. ಒಂದು ಸುತ್ತು ಬರೀ ನೋಡುತ್ತೇನೆ. ಯಾರು ತಾವೇ ಬೆಳೆದದ್ದನ್ನು ತಂದಿದ್ದಾರೆ, ಯಾರು ಸಗಟು ಮಂಡಿಯಿಂದ ಎತ್ತಿಕೊಂಡು ಬಂದಿದ್ದಾರೆ ಅನ್ನೋದು ಆ ಸುತ್ತಿನಲ್ಲೇ ಗೊತ್ತಾಗುತ್ತದೆ. ಬೆಳೆದವರ ಹತ್ತಿರ ನಾಲ್ಕೈದು ಬಗೆ ಮಾತ್ರ ಇರುತ್ತದೆ. ಒಂದು ದಪ್ಪ, ಒಂದು ಸಣ್ಣ, ಒಂದು ಸೊಟ್ಟ. ಬೇರಿನಲ್ಲಿ ಇನ್ನೂ ಹಸಿ ಮಣ್ಣು. ತಗ್ಗಿನ ಸೆಕೆ ನಾಡಿನ ಸಂತೆಯಲ್ಲಿ ಎಲ್ಲ ಒಂದೇ ಅಳತೆಯ ಹಣ್ಣು, ಜೊತೆಗೆ ಸೇಬು ಕೂಡ ಇದ್ದರೆ ಅದು ಅವರ ತೋಟದ್ದಲ್ಲ. ಸೇಬಿನ ಮರಕ್ಕೆ ಚಳಿ ಬೇಕು. ಮಾರುವುದು ತಪ್ಪೇನಲ್ಲ, ಆದರೆ ನಾನು ಬೆಳಗ್ಗೆ ಬೇಗ ಎದ್ದು ಬಂದದ್ದು ಅದಕ್ಕಲ್ಲ.

ಸೊಪ್ಪಿನದೇ ಒಂದು ಕಷ್ಟ. ಕೊನೆಗೆ ಕೊಳ್ಳೋಣ ಅಂದರೆ ಖಾಲಿಯಾಗಿರುತ್ತದೆ, ಮೊದಲು ಕೊಂಡರೆ ಬಾಡುತ್ತದೆ. ನಾನು ಮೊದಲ ಸುತ್ತಿನಲ್ಲೇ ದುಡ್ಡು ಕೊಟ್ಟು, 'ನೆರಳಲ್ಲೇ ಇಟ್ಟಿರಿ, ಹೋಗುವಾಗ ತಗೋತೀನಿ' ಅನ್ನುತ್ತೇನೆ. ಇದಕ್ಕೆ ಇಲ್ಲ ಅಂದವರನ್ನು ನಾನಿನ್ನೂ ನೋಡಿಲ್ಲ. ಹೋಗುವಾಗ ಆ ತಣ್ಣನೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಚೀಲದ ಮೇಲ್ಗಡೆ ಇಡುತ್ತೇನೆ. ರಾತ್ರಿ ಜೋರು ಮಳೆ ಬಂದಿದ್ದರೆ ಮಾತ್ರ ಅರ್ಧದಷ್ಟೇ ಕೊಳ್ಳುತ್ತೇನೆ. ತೊಯ್ದ ಸೊಪ್ಪನ್ನು ಕಿತ್ತು ಒತ್ತಾಗಿ ಕಟ್ಟಿದರೆ ಎರಡೇ ದಿನಕ್ಕೆ ಒಳಗಿನಿಂದ ಲೋಳೆಯಾಗುತ್ತದೆ. ಕಟ್ಟನ್ನು ಮೇಲಿಂದ ನೋಡಿದರೆ ಸಾಲದು, ಬಿಡಿಸಿ ನಡುವೆ ಬೆರಳು ಹಾಕಿ ನೋಡಬೇಕು. ಬೆಚ್ಚಗಿದ್ದರೆ ಬಿಟ್ಟುಬಿಡಿ.

ಹಣ್ಣಿನ ಕಡೆ ಬಂದಾಗ ನನಗೆ ನಿಜವಾದ ಖುಷಿ. ಅಲ್ಲಿ ನಾನು ಕೇಳುವುದು ಎರಡೇ ಮಾತು: ಯಾವಾಗ ಕೊಯ್ದಿರಿ? ಯಾವತ್ತು ತಿನ್ನಬೇಕು? ಎಷ್ಟು ಅಂತ ಕೇಳುವುದು ಆಮೇಲೆ. ಬೆಳೆದವರಿಗೆ ಈ ಪ್ರಶ್ನೆ ಕೇಳಿದರೆ ಮುಖ ಅರಳುತ್ತದೆ. ಬೆಣ್ಣೆಹಣ್ಣು ಮಾರುವ ಅಜ್ಜಿಯೊಬ್ಬರು ತಿರುಗಿ ನನ್ನನ್ನೇ ಕೇಳುತ್ತಾರೆ, 'ಇವತ್ತಿಗಾ, ಬುಧವಾರಕ್ಕಾ?' ನಾನು ಚೀಟಿ ನೋಡಿ ಹೇಳುತ್ತೇನೆ. ಅವರು ರಾಶಿಯಿಂದ ಒಂದೊಂದೇ ಆರಿಸಿ ಕೊಡುತ್ತಾರೆ. ಬೆಣ್ಣೆಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ, ಕೊಯ್ದ ಮೇಲೆಯೇ ಹಣ್ಣಾಗುವುದು. ಹಾಗಾಗಿ ಕೊಯ್ದ ದಿನ ಗೊತ್ತಿದ್ದವರಿಗೇ ತಿನ್ನುವ ದಿನವೂ ಗೊತ್ತು.

ಮನೆಗೆ ತಂದ ಮೇಲೆ ಯಾವುದು ಸಿಹಿಯಾಗುತ್ತದೆ, ಯಾವುದು ಆಗುವುದಿಲ್ಲ ಅನ್ನೋದನ್ನು ಕಲಿಯಲು ನನಗೆ ತುಂಬ ದಿನ ಹಿಡಿಯಿತು. ಬಾಳೆಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ, ಅದು ಆಮೇಲೆ ಸಕ್ಕರೆಯಾಗುತ್ತದೆ. ಬಲಿತ ಮಾವೂ ಹಾಗೇ. ಅನಾನಸ್ ಹಾಗಲ್ಲ. ಕೊಯ್ದಾಗ ಎಷ್ಟು ಸಿಹಿಯೋ ಅಷ್ಟೇ, ಹತ್ತು ದಿನ ಇಟ್ಟರೂ ಸಿಪ್ಪೆ ಹಳದಿಯಾದೀತೇ ಹೊರತು ಸಿಹಿ ಏರದು. ಪಪ್ಪಾಯಿ ಇವೆರಡರ ನಡುವಿನದು. ಮೆತ್ತಗಾಗುತ್ತದೆ, ಆದರೆ ಒಳಗೆ ಪಿಷ್ಟದ ಗಂಟು ಇಲ್ಲದ ಕಾರಣ ಸಿಹಿ ಅಷ್ಟಾಗಿ ಹೆಚ್ಚುವುದಿಲ್ಲ. ಅದಕ್ಕೇ ಪೂರ್ತಿ ಹಸಿರು ಪಪ್ಪಾಯಿಯನ್ನು ಪಲ್ಯಕ್ಕೆ ಮಾತ್ರ ಕೊಳ್ಳುತ್ತೇನೆ. ಹಣ್ಣಾಗಿ ತಿನ್ನಲು ಬೇಕಿದ್ದರೆ ಸಿಪ್ಪೆಯ ಮೇಲೆ ಒಂದೆರಡಾದರೂ ಹಳದಿ ಗೆರೆ ಮೂಡಿರಬೇಕು.

ಮಾವಿನಲ್ಲಿ ಬಣ್ಣ ನಂಬಬೇಡಿ. ತೊಟ್ಟಿನ ಎರಡೂ ಪಕ್ಕದ ಭುಜ ತುಂಬಿ ಮೇಲೆದ್ದಿದೆಯಾ ನೋಡಿ. ಎದ್ದಿದ್ದರೆ ಬಲಿತ ಕಾಯಿ, ಮನೆಯಲ್ಲಿ ಹಣ್ಣಾಗುತ್ತದೆ. ಒಂದು ಚೂರು ತೊಟ್ಟು ಬಿಟ್ಟು ಕೊಯ್ದಿದ್ದರೆ ಇನ್ನೂ ಒಳ್ಳೆಯದು. ಸೊನೆ ಸಿಪ್ಪೆಗೆ ತಾಗಿ ಸುಟ್ಟಿರುವುದಿಲ್ಲ. ಕಿತ್ತಳೆಗೂ ಇದೇ ಮಾತು. ಹಸಿರಾಗಿದೆ ಅಂತ ಎಷ್ಟೋ ಜನ ಮುಟ್ಟದೆ ಮುಂದೆ ಹೋಗುತ್ತಾರೆ. ಕಿತ್ತಳೆಯ ಹಸಿರು ಕಳೆಯಬೇಕಾದರೆ ರಾತ್ರಿ ತಂಪಾಗಬೇಕು. ಸೆಕೆಯ ನಾಡಲ್ಲಿ ರಾತ್ರಿಯೂ ಬೆಚ್ಚಗೇ ಇರುತ್ತದೆ ಅಲ್ವಾ, ಹಾಗಾಗಿ ರಸ ತುಂಬಿ ಸಿಹಿಯಾದ ಮೇಲೂ ಸಿಪ್ಪೆ ಹಸಿರೇ. ಕೈಯಲ್ಲಿ ಹಿಡಿದು ತೂಕ ನೋಡಿ. ಗಾತ್ರಕ್ಕಿಂತ ಭಾರ ಅನ್ನಿಸಿದರೆ ಅದೇ ಒಳ್ಳೆ ಹಣ್ಣು.

ಮ್ಯಾಂಗೊಸ್ಟೀನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಣ್ಣನ್ನು ತಿರುಗಿಸಿ ಬುಡ ನೋಡಿ. ಅಲ್ಲಿ ಪುಟ್ಟ ಹೂವಿನ ಅಚ್ಚು ಒತ್ತಿದಂತೆ ಒಂದು ಗುರುತು ಇರುತ್ತದೆ. ಅದರ ಎಸಳು ಎಣಿಸಿ. ಆರು ಇದ್ದರೆ ಒಳಗೆ ಆರು ತೊಳೆ. ನಾನು ಎಷ್ಟೋ ಸಲ ಎಣಿಸಿ, ಒಡೆದು ನೋಡಿದ್ದೇನೆ, ಪ್ರತಿ ಸಲವೂ ಖುಷಿಯಾಗುತ್ತದೆ. ಎಸಳು ಜಾಸ್ತಿ ಇದ್ದಷ್ಟೂ ತೊಳೆ ಸಣ್ಣ, ಬೀಜ ಇಲ್ಲದ ತೊಳೆಯೂ ಜಾಸ್ತಿ. ಆಮೇಲೆ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕು. ಸಿಪ್ಪೆ ಸ್ವಲ್ಪ ಬಗ್ಗಬೇಕು. ಒಮ್ಮೆ ಹೊಳಪಿಗೆ ಮರುಳಾಗಿ ಒತ್ತಿ ನೋಡದೆ ಒಂದು ಚೀಲ ತಂದಿದ್ದೆ. ಸಿಪ್ಪೆ ಕಲ್ಲಾಗಿತ್ತು, ಚಾಕುವಿನಿಂದಲೂ ಬಿಡಿಸಲು ಆಗಲಿಲ್ಲ. ಹಳೆಯದಾದರೆ, ಎಲ್ಲೋ ಬಿದ್ದು ಪೆಟ್ಟಾದರೆ ಹಾಗಾಗುತ್ತದೆ.

ಮರಗೆಣಸು ಕೊಳ್ಳುವಾಗ ತುದಿ ಮುರಿದು ತೋರಿಸಿ ಅನ್ನಿ. ಒಳಗೆ ಅಚ್ಚ ಬಿಳಿ ಇರಬೇಕು. ಅಗೆದ ಎರಡು-ಮೂರು ದಿನಕ್ಕೇ ನೀಲಿ-ಕಪ್ಪು ಗೆರೆ ಓಡುತ್ತದೆ. ಹಸಿಯಾಗಿ ತಿನ್ನುವಂತಿಲ್ಲ, ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಲೇಬೇಕು. ನಕ್ಷತ್ರದಂತೆ ಕತ್ತರಿಸಬಹುದಾದ ಕಮರಾಕ್ಷಿ ನೋಡಲು ಚಂದ. ಆದರೆ ಮನೆಯಲ್ಲಿ ಕಿಡ್ನಿ ತೊಂದರೆ ಇರುವವರಿದ್ದರೆ ಅವರಿಗೆ ಒಂದು ಚೂರೂ ಕೊಡಬೇಡಿ, ಪ್ರಾಣಕ್ಕೇ ಅಪಾಯ. ಸಂತೆಯಲ್ಲಿ ಕತ್ತರಿಸಿ ಮಾರುವ ಹಣ್ಣನ್ನು, ಮಾರುವವರು ನನ್ನೆದುರೇ ಕತ್ತರಿಸಿದರೆ ಮಾತ್ರ ತಿನ್ನುತ್ತೇನೆ. 32 ಡಿಗ್ರಿ ದಾಟಿದ ಸೆಕೆಯಲ್ಲಿ ಕತ್ತರಿಸಿದ ಹಣ್ಣು ಹೊರಗೆ ಒಂದು ಗಂಟೆಗಿಂತ ಹೆಚ್ಚು ಇರಬಾರದು.

ಚೌಕಾಸಿ ನಾನು ಮಾಡುವುದಿಲ್ಲ. ಸಂತೆ ಮುಗಿಯುವ ಹೊತ್ತಿಗೆ ಬೆಲೆ ಇಳಿಯುತ್ತದೆ, ನಿಜ. ಹಾಗೆ ಇಳಿಸಿ ಕೊಡುವುದು ವಾಪಸ್ ಹೊತ್ತುಕೊಂಡು ಹೋದರೆ ಕೊಳೆಯುತ್ತದೆ ಅಂತ. ಆ ಹೊತ್ತಲ್ಲಿ ಉಳಿದಿದ್ದನ್ನು ಹೇಳಿದ ಬೆಲೆಗೇ ಕೊಂಡು, ಅವತ್ತೇ ಜಾಮ್ ಕುದಿಸಿದ್ದೂ ಉಂಟು. ಚಿಲ್ಲರೆ ಮಾತ್ರ ಮರೆಯದೆ ಒಯ್ಯುತ್ತೇನೆ. ಮೊದಲ ಗಿರಾಕಿಯೇ ದೊಡ್ಡ ನೋಟು ಕೊಟ್ಟರೆ ಪಾಪ ಅವರು ಎಲ್ಲಿಂದ ತರಬೇಕು?

ಮನೆಗೆ ಬಂದ ಮೇಲೆ ಮೊದಲ ಅರ್ಧ ಗಂಟೆ ಕಾಫಿಗೂ ಕೂರುವುದಿಲ್ಲ. ಸೊಪ್ಪಿನ ಕಟ್ಟು ಬಿಚ್ಚಿ, ಬುಡ ಒಂದು ಚೂರು ಕತ್ತರಿಸಿ, ತಣ್ಣೀರಲ್ಲಿ ಹತ್ತು ನಿಮಿಷ ಬಿಟ್ಟು, ನೀರು ಪೂರ್ತಿ ಸೋರಿಸಿ, ಬಟ್ಟೆ ಸುತ್ತಿ ಫ್ರಿಜ್ಜಿಗೆ. ಬಾಳೆ, ಮಾವು ಎರಡೂ ಹೊರಗೆ. ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿ ಅವಕ್ಕೆ ಆಗುವುದಿಲ್ಲ. ಸಿಪ್ಪೆ ಕಪ್ಪಾಗುತ್ತದೆ, ಕಾಯಿ ಮುಂದೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಆಮೇಲೆ ಉಳಿದ ಹಣ್ಣನ್ನೆಲ್ಲ ಮೇಜಿನ ಮೇಲೆ ದಿನದ ಪ್ರಕಾರ ಸಾಲಾಗಿ ಇಟ್ಟು, ಚೀಟಿ ಪಕ್ಕದಲ್ಲಿ ಇಡುತ್ತೇನೆ.

ಕಳೆದ ವಾರ ಅಜ್ಜಿ ಬುಧವಾರಕ್ಕೆ ಅಂತ ಮೂರು ಬೆಣ್ಣೆಹಣ್ಣು ಆರಿಸಿ ಕೊಟ್ಟಿದ್ದರು. ಮಂಗಳವಾರ ರಾತ್ರಿ ತೊಟ್ಟಿನ ಹತ್ತಿರ ಒತ್ತಿ ನೋಡಿದೆ. ಎರಡು ಮೆತ್ತಗಾಗಿದ್ದವು. ಮೂರನೆಯದು ಇನ್ನೂ ಗಟ್ಟಿ. ಅದನ್ನು ಕಾಗದದ ಚೀಲದಲ್ಲಿ ಕಳಿತ ಬಾಳೆಹಣ್ಣಿನ ಜೊತೆ ಇಟ್ಟೆ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಪಕ್ಕದ ಕಾಯಿಯನ್ನೂ ಬೇಗ ಹಣ್ಣು ಮಾಡುತ್ತದೆ. ಗುರುವಾರ ಸಂಜೆ, ನೆಂಟರು ಬರುವ ಹೊತ್ತಿಗೆ, ಅದೂ ಮೆತ್ತಗಾಗಿತ್ತು.