ಮನೆ ಕಟ್ಟುವವರಿಗೆ: ಯಾವ ಕೆಲಸಕ್ಕೆ ಯಾವ ಸಿಮೆಂಟ್?

ಸಿಮೆಂಟ್ ಕೊಳ್ಳಲು ಹೋದವರಲ್ಲಿ ಹೆಚ್ಚಿನವರು 53 ಗ್ರೇಡ್ ಬೇಕೆಂದು ಕೇಳುತ್ತಾರೆ. ಸಂಖ್ಯೆ ದೊಡ್ಡದಿದ್ದಷ್ಟೂ ಮನೆ ಗಟ್ಟಿಯೆಂಬುದು ಅವರ ಎಣಿಕೆ. 43, 53 ಎಂಬ ಅಂಕಿಗಳು, ಸಿಮೆಂಟು ಮತ್ತು ಮರಳನ್ನು ಬೆರೆಸಿ ಮಾಡಿದ ಪರೀಕ್ಷೆಯ ಘನಾಕಾರದ ತುಂಡು 28 ದಿನಗಳ ನಂತರ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ ಎಷ್ಟು ನ್ಯೂಟನ್ ಒತ್ತಡ ತಾಳಬೇಕೆಂಬುದನ್ನು ಮಾತ್ರ ತಿಳಿಸುತ್ತವೆ.

ಈ ಗ್ರೇಡುಗಳಲ್ಲಿ ಬರುವ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್, ಅಂದರೆ ಒಪಿಸಿ, ಬೇಗ ಬಲ ಪಡೆಯುವುದರಿಂದ ಸೆಂಟ್ರಿಂಗನ್ನು ಬೇಗ ಬಿಚ್ಚಬೇಕಾದ ಕಂಬ, ತೊಲೆ, ತಾರಸಿಗಳಿಗೆ ಅನುಕೂಲ. ಆದರೆ ಅದು ಗಟ್ಟಿಯಾಗುವಾಗ ಹೊರಬೀಳುವ ಶಾಖವೂ ಹೆಚ್ಚು. 53 ಗ್ರೇಡಿನಲ್ಲಿ ಗೋಡೆಗೆ ಗಾರೆ ಮಾಡಿಸಿ, ನೀರುಣಿಸುವುದರಲ್ಲಿ ಉದಾಸೀನ ಮಾಡಿದರೆ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುತ್ತವೆ.

ಇಟ್ಟಿಗೆ ಕಟ್ಟಲು, ಗಾರೆಗೆ, ತಳಪಾಯಕ್ಕೆ ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್ ಸಾಕು, ನನ್ನ ಮಟ್ಟಿಗೆ ಅದೇ ಮೇಲು. ಇದರಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರಗಳಲ್ಲಿ ಉಳಿಯುವ ಬೂದಿ ಇದೇ. ಬೂದಿಯೆಂದ ಮಾತ್ರಕ್ಕೆ ಕಲಬೆರಕೆಯೆಂದು ಶಂಕಿಸಬೇಕಿಲ್ಲ: ಅದು ಸಿಮೆಂಟಿನಿಂದ ಬಿಡುಗಡೆಯಾದ ಸುಣ್ಣದೊಡನೆ ನಿಧಾನವಾಗಿ ಕೂಡಿಕೊಂಡು ಒಳಗಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈ ನಿಧಾನಕ್ಕೆ ತಕ್ಕಂತೆ ಒಪಿಸಿಗೆ ಕನಿಷ್ಠ 7 ದಿನ ನೀರುಣಿಸಿದರೆ ಪಿಪಿಸಿಗೆ 10 ದಿನ, ಬಿರುಬೇಸಿಗೆಯಲ್ಲಿ 14 ದಿನ ಉಣಿಸಬೇಕು; ತಾರಸಿಗೆ ಬಳಸಿದ್ದರೆ ಸೆಂಟ್ರಿಂಗ್ ಬಿಚ್ಚಲು ಮೇಸ್ತ್ರಿಯನ್ನು ಅವಸರಪಡಿಸಬಾರದು.

ಕರಾವಳಿಯಲ್ಲಿ ಉಪ್ಪಿಗೆ ಹೆದರಿ ಸಲ್ಫೇಟ್ ನಿರೋಧಕ ಸಿಮೆಂಟ್ ಕೇಳುವುದುಂಟು. ಅದು ಸಲ್ಫೇಟ್ ಹೆಚ್ಚಿರುವ ಮಣ್ಣಿಗೆ ತಕ್ಕದ್ದು; ಕಬ್ಬಿಣಕ್ಕೆ ತುಕ್ಕು ಹಿಡಿಸುವ, ಉಪ್ಪಿನಲ್ಲಿರುವ ಕ್ಲೋರೈಡನ್ನು ತಡೆಯುವುದರಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟದಿಂದ ತಯಾರಾಗುವ ಸ್ಲ್ಯಾಗ್ ಸಿಮೆಂಟ್ ಹೆಚ್ಚು ಸಮರ್ಥ. ಬಿಳಿ ಸಿಮೆಂಟ್ ಟೈಲ್ಸ್ ಸಂದು ತುಂಬಲು ಮತ್ತು ಬಣ್ಣಕ್ಕೆ ಮುಂಚಿನ ಲೇಪಕ್ಕೆ.

ಚೀಲ ಇಳಿಸಿಕೊಳ್ಳುವ ಮೊದಲು ಅದರ ಮೇಲೆ ಮುದ್ರಿಸಿದ ತಯಾರಿಕೆಯ ವಾರ ಮತ್ತು ವರ್ಷವನ್ನು ಓದಿ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ. ಬಿಚ್ಚಿದ ಚೀಲದೊಳಗೆ ಕೈ ತೂರಿಸಿದರೆ ತಣ್ಣಗಿರಬೇಕು. ಸಿಕ್ಕಿದ ಉಂಡೆ ಬೆರಳುಗಳ ನಡುವೆ ಪುಡಿಯಾಗದಿದ್ದರೆ ಆ ಚೀಲವನ್ನು ಹಿಂದಿರುಗಿಸಿ. ಉಳಿದವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತು ಚೀಲಕ್ಕಿಂತ ಎತ್ತರವಾಗದಂತೆ ಜೋಡಿಸಿ, ಮೊದಲು ಬಂದದ್ದನ್ನು ಮೊದಲು ಖರ್ಚು ಮಾಡಿ.