ಅಂಗಳದಲ್ಲಿ ಕಾಮನಬಿಲ್ಲು: ಪೈಪು, ಫ್ಲಾಸ್ಕು, 42 ಡಿಗ್ರಿ

ಮಕ್ಕಳಿಗೆ ಕಾಮನಬಿಲ್ಲು ತೋರಿಸಲು ನಾನು ಮಳೆಗೆ ಕಾಯುವುದಿಲ್ಲ. ಗಿಡಕ್ಕೆ ನೀರು ಬಿಡುವ ಪೈಪು ಸಾಕು. ಬಿಸಿಲು ಮಾತ್ರ ಓರೆಯಾಗಿರಬೇಕು: ಬೆಳಿಗ್ಗೆ ಎಂಟರ ಸುಮಾರಿಗೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ.

ಮೊದಲು ಸೂರ್ಯನಿಗೆ ಬೆನ್ನು ಹಾಕಿಸಿ ನಿಲ್ಲಿಸುತ್ತೇನೆ. ನಮ್ಮ ತಲೆಯ ನೆರಳು ಬೀಳುವ ದಿಕ್ಕೇ ಬಿಲ್ಲಿನ ಕೇಂದ್ರ. ತೋಳು ಪೂರ್ತಿ ಚಾಚಿ ಗೇಣು ಹಿಡಿದರೆ ಕಣ್ಣಿಗೆ ಸುಮಾರು 20 ಡಿಗ್ರಿ. ನೆರಳಿನಿಂದ ಎರಡು ಗೇಣು ಅಳೆದು ಅಲ್ಲಿಗೇ ನೀರು ಚಿಮ್ಮಿಸಬೇಕು. ಕೆಂಪು 42 ಡಿಗ್ರಿಯಲ್ಲಿ, ನೇರಳೆ 40ರ ಆಸುಪಾಸಿನಲ್ಲಿ ಸಿಗುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ದಿಗಂತದ ಕೆಳಗೇ ಉಳಿಯುತ್ತದೆ. ನಡುಮಧ್ಯಾಹ್ನ ಬಿಸಿಲುಮಳೆ ಬಂದರೂ ನಮ್ಮ ಕಡೆ ಆಕಾಶದಲ್ಲಿ ಬಿಲ್ಲು ಕಾಣದಿರುವುದು ಅದಕ್ಕೇ.

“ಅಗೋ ಅಲ್ಲಿ” ಎಂದು ಬೆರಳು ತೋರಿಸಿ ಪ್ರಯೋಜನವಿಲ್ಲ. ಪಕ್ಕದ ಮಗುವಿನ ಕೇಂದ್ರ ಅದರದೇ ನೆರಳು, ಬಿಲ್ಲೂ ಬೇರೆ.

ಬಣ್ಣ ಪೇಲವವಾದರೆ ಎರಡು ಕಡೆ ನೋಡುತ್ತೇನೆ. ಹಿಂದೆ ಸುಣ್ಣದ ಗೋಡೆಯಿದ್ದರೆ ಬಣ್ಣ ಅದರಲ್ಲೇ ಕರಗಿಹೋಗುತ್ತದೆ. ನೆರಳಲ್ಲಿರುವ ಬೇಲಿಯೋ ಮರವೋ ಬೇಕು. ಇನ್ನೊಂದು ಹನಿಯ ಗಾತ್ರ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ಬರುವ ದಪ್ಪ ಹನಿ ಒಳ್ಳೆಯದು. ಮಂಜಿನಷ್ಟು ನುಣ್ಣಗಾದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಬೆಳ್ಳನೆಯ ಕಮಾನಷ್ಟೇ ಉಳಿಯುತ್ತದೆ.

ಒಂದು ಹನಿಯೊಳಗೆ ನಡೆಯುವುದನ್ನು ತೋರಿಸಲು ಲ್ಯಾಬಿನ ಗುಂಡು ಫ್ಲಾಸ್ಕು ತೆಗೆದುಕೊಳ್ಳುತ್ತೇನೆ. 10 ಸೆಂ.ಮೀ. ಅಗಲದ್ದಕ್ಕೆ ನೀರು ತುಂಬಿ ಕತ್ತಲೆ ಕೋಣೆಯಲ್ಲಿಡುತ್ತೇನೆ. ಸೂರ್ಯನ ಕಡೆ, 30 ಸೆಂ.ಮೀ. ಅಂತರದಲ್ಲಿ ಬಿಳಿ ರಟ್ಟು. ಅದರ ನಡುವಿನ ತೂತಿನಿಂದ ಬಿಸಿಲು ಫ್ಲಾಸ್ಕಿಗೆ ಬೀಳಬೇಕು. ಒಳಹೋದ ಬೆಳಕು ಬಾಗಿ, ಹಿಂಬದಿ ಗಾಜಿಗೆ ಬಡಿದು ಪ್ರತಿಫಲಿಸಿ, ಹೊರಬರುವಾಗ ಮತ್ತೆ ಬಾಗಿ ರಟ್ಟಿನ ಮೇಲೆ ಬಣ್ಣದ ಬಳೆಯಾಗುತ್ತದೆ. ಹೊರಅಂಚು ಕೆಂಪು. ಬಳೆಯ ತ್ರಿಜ್ಯವೇ 30 ಸೆಂ.ಮೀ. ದಾಟುವುದರಿಂದ ರಟ್ಟು 70 ಸೆಂ.ಮೀ. ಚೌಕವಾದರೂ ಇರಲಿ. ಹೆಚ್ಚಿನವರು ಎಡವುವುದು ತೂತಿನಲ್ಲಿ: ಪೆನ್ಸಿಲಿನಷ್ಟು ಸಣ್ಣದು ಕೊರೆಯುತ್ತಾರೆ. ಬಿಲ್ಲು ಕಟ್ಟುವ ಕಿರಣ ಹೊಕ್ಕುವುದು ಗೋಳದ ನಡುವಿನಲ್ಲಲ್ಲ, ತ್ರಿಜ್ಯದ ಶೇ. 86ರಷ್ಟು ಹೊರಗೆ, ಅಂಚಿನ ಹತ್ತಿರ. ತೂತು ಫ್ಲಾಸ್ಕಿನಷ್ಟೇ ಅಗಲವಿರಬೇಕು.