ಎಪ್ಪತ್ತರ ದಶಕದ ಫೋಕ್ ರಾಕ್ ತಟ್ಟೆಗಳಿಗೆ ಅಂಟು ಬಳಿದ ಕಥೆ

ರೆಕಾರ್ಡಿಗೆ, ಅಂದರೆ ಹಾಡಿನ ತಟ್ಟೆಗೆ, ಮರಗೆಲಸದ ಅಂಟು ಬಳಿದು, ಒಣಗಿಸಿ, ಸುಲಿದರೆ ಕೊಳೆ ಕಿತ್ತು ಬರುತ್ತದೆ ಎಂದಾಗ ನಕ್ಕವರು ಒಬ್ಬಿಬ್ಬರಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ನಾನು ತಿಂಗಳಿಗೊಮ್ಮೆ ಹೋಗುವ ರೆಕಾರ್ಡ್ ಅಂಗಡಿಯಾತ, "ಬಳಿದದ್ದನ್ನು ಮಾತ್ರ ವಾಪಸ್ ತರಬೇಡ" ಎಂದ. ಮ್ಯಾಂಚೆಸ್ಟರಿನಲ್ಲಿರುವ ಗೆಳೆಯ, ನಮ್ಮ ಹಾಸನದವನೇ, "ಗುರು, ನಿಂಗೆ ಇಲ್ಲಿನ ಚಳಿ ತಲೆಗೇರಿದೆ" ಎಂದು ಫೋನ್ ಇಟ್ಟ. ಕಳೆದ ಡಿಸೆಂಬರಿನಲ್ಲಿ ಅದೇ ಮಹಾಶಯ ನಮ್ಮ ಮನೆಯ ಸೋಫಾ ಮೇಲೆ ಕೂತು ಜಾನಪದ ಹಾಡನ್ನು ರಾಕ್ ವಾದ್ಯಗಳಿಗೆ ಹೊಂದಿಸಿದ ಇಂಗ್ಲಿಷ್ ತಂಡ ಸ್ಟೀಲೈ ಸ್ಪ್ಯಾನ್‌ನ 'ಬಿಲೋ ದ ಸಾಲ್ಟ್' ಕೇಳಿದ. ಅದರಲ್ಲಿನ 'ಗೌಡೆಟೆ' ಹಾಡು ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

'ಗೌಡೆಟೆ'ಯನ್ನೇ ಪರೀಕ್ಷೆಗೆ ಇಟ್ಟುಕೊಂಡದ್ದಕ್ಕೆ ಕಾರಣ ಇದೆ. ಅದು 1582ರ ಒಂದು ಸಂಗ್ರಹದಲ್ಲಿ ಅಚ್ಚಾಗಿದ್ದ ಲ್ಯಾಟಿನ್ ಕ್ರಿಸ್‌ಮಸ್ ಹಾಡು. ವಾದ್ಯ ಒಂದೂ ಇಲ್ಲ, ಬರೀ ಕಂಠ. ದೂರದ ಬೀದಿಯಿಂದ ಭಜನೆಯವರು ನಡೆದು ಬಂದಂತೆ ಮೆಲ್ಲಗೆ ಶುರುವಾಗಿ, ಮನೆ ಮುಂದೆ ಬಂದು ನಿಂತು, ಮತ್ತೆ ದೂರ ಹೋಗಿಬಿಡುತ್ತದೆ. 1973ರಲ್ಲಿ ಇಂಥ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತ್ತು ಅಂದರೆ ಇವತ್ತಿಗೂ ನಂಬಲು ಕಷ್ಟ. ನನ್ನ ತಟ್ಟೆಯಲ್ಲಿ ಮೊದಲ ಹತ್ತು ಹದಿನೈದು ಸೆಕೆಂಡು ಒಗ್ಗರಣೆ ಸಿಡಿಯುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಹಾರ್ಡ್ ರಾಕ್ ಕೂಡಿಡುವವರಿಗೆ ಈ ತಲೆನೋವು ಕಡಿಮೆ. ಡ್ರಮ್ಸ್ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಫೋಕ್ ರಾಕ್ ಹಾಗಲ್ಲ. ಸ್ಟೀಲೈ ಸ್ಪ್ಯಾನ್‌ನ 'ಪ್ಲೀಸ್ ಟು ಸೀ ದ ಕಿಂಗ್', 1971ರದ್ದು, ಅದರಲ್ಲಿ ಡ್ರಮ್ಮರೇ ಇಲ್ಲ. ಮಾರ್ಟಿನ್ ಕಾರ್ತಿಯ ಎಲೆಕ್ಟ್ರಿಕ್ ಗಿಟಾರ್, ಪೀಟರ್ ನೈಟ್‌ನ ಪಿಟೀಲು, ಮ್ಯಾಡಿ ಪ್ರಯರ್ ಕಂಠ, ನಡುನಡುವೆ ದೊಡ್ಡ ದೊಡ್ಡ ಮೌನ. ಆ ಮೌನದಲ್ಲಿ ಒಂದು ಧೂಳಿನ ಕಣ ಕೂತಿದ್ದರೂ ಸಾಕು, ಕಿವಿಗೆ ಮುಳ್ಳು ಚುಚ್ಚಿದ ಹಾಗೆ. ನನ್ನ ಲೆಕ್ಕದಲ್ಲಿ ಆ ದಶಕದ ಇಂಗ್ಲಿಷ್ ಫೋಕ್ ರಾಕ್‌ನಲ್ಲಿ ಅದನ್ನು ಮೀರಿಸಿದ್ದು ಇಲ್ಲ. ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ 'ಲೀಜ್ ಅಂಡ್ ಲೀಫ್' ಎಂದು ಯಾರೂ ಜಗಳಕ್ಕೆ ಬರಬೇಡಿ, ಅದು 1969ರ ಡಿಸೆಂಬರಿನದ್ದು.

ಇಲ್ಲಿ ಯಾರ್ಕ್‌ಷೈರಿನಲ್ಲಿ ಚಾರಿಟಿ ಅಂಗಡಿಗಳಲ್ಲೂ, ಭಾನುವಾರ ಬೆಳಗ್ಗೆ ಮೈದಾನದಲ್ಲಿ ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರುವ ಸಂತೆಯಲ್ಲೂ ಈ ತಟ್ಟೆಗಳು ಒಂದರಿಂದ ಮೂರು ಪೌಂಡಿಗೆ ಸಿಗುತ್ತವೆ. 'ಆಲ್ ಅರೌಂಡ್ ಮೈ ಹ್ಯಾಟ್' ಅಂತೂ ಪ್ರತಿ ಪೆಟ್ಟಿಗೆಯಲ್ಲೂ ಒಂದು ಇದ್ದೇ ಇರುತ್ತದೆ, ನನ್ನ ಹತ್ತಿರವೇ ನಾಲ್ಕಿವೆ. ಐವತ್ತು ವರ್ಷ ಸಿಗರೇಟು ಹೊಗೆ, ಬಿಯರು, ಬೆರಳಿನ ಜಿಡ್ಡು ಕುಡಿದ ತಟ್ಟೆಗಳು. ಮೊದಲು ಸುಮಾರು 70 ಪೌಂಡ್ ಕೊಟ್ಟು ಕೈಯಲ್ಲಿ ತಿರುಗಿಸಿ ತೊಳೆಯುವ ತೊಟ್ಟಿ ತಂದೆ. ಮೇಲಿನ ಧೂಳು ಹೋಯಿತು, ಮುಳ್ಳು ಓಡುವ ಗ್ರೂವ್ ಒಳಗಿನದು ಅಲ್ಲೇ ಉಳಿಯಿತು. ಕೊಳೆನೀರನ್ನು ಎಳೆದುಕೊಳ್ಳುವ ಯಂತ್ರವಾಗಲಿ, ಶಬ್ದದ ಅಲೆಯಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವಾಗಲಿ ಅದಕ್ಕಿಂತ ಬಹಳ ದುಬಾರಿ. ಮನೆಯಲ್ಲಿ ಆ ಮಾತು ಎತ್ತುವ ಧೈರ್ಯ ಬರಲಿಲ್ಲ.

ಅಂಟಿನ ವಿಚಾರ ಯಾರೋ ಹೇಳಿದಾಗ ನಾನು ನಗದೇ ಇದ್ದದ್ದು ಶಾಲೆಯ ನೆನಪಿಂದ. ಕ್ರಾಫ್ಟ್ ಕ್ಲಾಸಿನಲ್ಲಿ ಅಂಗೈಗೆ ಫೆವಿಕಾಲ್ ಬಳಿದುಕೊಂಡು, ಒಣಗಿದ ಮೇಲೆ ಇಡೀ ಪೊರೆ ಸುಲಿದು, ಅದರಲ್ಲಿ ಕೈಯ ಗೆರೆಗಳನ್ನು ನೋಡುತ್ತಿದ್ದೆವಲ್ಲ? ಗೆರೆಯೊಳಗಿನ ಮಣ್ಣೂ ಅಂಟಿಕೊಂಡು ಬರುತ್ತಿತ್ತು. ಗ್ರೂವ್ ಅಂದರೂ ಒಂದು ಗೆರೆಯೇ ತಾನೆ.

ಮೊದಲ ಬಲಿ ಆ ನಾಲ್ಕರಲ್ಲೊಂದು 'ಆಲ್ ಅರೌಂಡ್ ಮೈ ಹ್ಯಾಟ್'. ಮಕ್ಕಳ ಅಂಟು ತಂದು ತೆಳ್ಳಗೆ ಬಳಿದೆ. ಮಾರನೆಯ ದಿನ ಪೊರೆ ಚೂರುಚೂರಾಗಿ ಕಿತ್ತು ಬಂತು. ಉಳಿದದ್ದನ್ನು ಉಗುರಿನಿಂದ ಕೆರೆಯುತ್ತಾ ಎರಡು ಸಂಜೆ ಕಳೆದೆ. ಹೆಂಡತಿ ಬಂದು ನೋಡಿ, "ರೀ, ನೀರ್‌ದೋಸೆ ಹುಯ್ದ ಹಾಗೆ ಹುಯ್ದಿದ್ದೀರಿ, ಎಬ್ಬಿಸೋಕೆ ಬರುತ್ತಾ? ಸೆಟ್ ದೋಸೆ ದಪ್ಪ ಇರಬೇಕು" ಅಂದಳು. ಇಡೀ ವಿಧಾನದಲ್ಲಿ ಅದಕ್ಕಿಂತ ಮುಖ್ಯವಾದ ಸೂತ್ರ ಇನ್ನೊಂದಿಲ್ಲ. ಬಡಗಿಗಳು ಬಳಸುವ, ಫೆವಿಕಾಲ್ ಜಾತಿಯ ಗಟ್ಟಿ ಪಿವಿಎ ಅಂಟು, ಒಂದು ಸೈಡಿಗೆ ಅರವತ್ತು ಎಪ್ಪತ್ತು ಮಿಲಿ. ಹಳೇ ಟರ್ನ್‌ಟೇಬಲ್ ಮೇಲೆ ತಟ್ಟೆ ತಿರುಗುತ್ತಿರಲಿ, ಒಳಗಿಂದ ಹೊರಕ್ಕೆ ಸುತ್ತು ಬಿಡುತ್ತಾ ಬನ್ನಿ, ಗುಳ್ಳೆ ಏಳಬಾರದು, ಲೇಬಲ್ಲಿಗೆ ತಾಗಬಾರದು. ಬಿಳಿ ಹೋಗಿ ಗಾಜಿನ ಹಾಗೆ ಪಾರದರ್ಶಕ ಆಗುವವರೆಗೆ ಮುಟ್ಟಬಾರದು.

ಎರಡನೆಯ ಸೋಲು ಜನವರಿಯದ್ದು. ಮನೆಯೊಳಗೆ ವಾಸನೆ ಬೇಡವೆಂದು ಗ್ಯಾರೇಜಿನಲ್ಲಿ ಒಣಗಲು ಇಟ್ಟೆ. ಅಲ್ಲಿ ಉಷ್ಣತೆ ಮೂರೋ ನಾಲ್ಕೋ ಡಿಗ್ರಿ. ಅಂಟು ಪೊರೆಗಟ್ಟಲೇ ಇಲ್ಲ, ಸುಣ್ಣದ ಪುಡಿಯಾಗಿ ಗ್ರೂವ್‌ನೊಳಗೆ ಕೂತುಬಿಟ್ಟಿತು. ಪಿವಿಎಗೆ ಚಳಿ ಆಗದು ಎಂದು ಡಬ್ಬಿಯ ಮೇಲೆಯೇ ಬರೆದಿತ್ತು, ಓದಿದ್ದು ಆಮೇಲೆ. ಹೋದದ್ದು ಫೇರ್‌ಪೋರ್ಟ್ ಕನ್ವೆನ್ಷನ್‌ನ 'ಫುಲ್ ಹೌಸ್', 1970ರದ್ದು, 25 ಪೌಂಡ್ ಕೊಟ್ಟಿದ್ದೆ. ದುಡ್ಡಿಗಿಂತ 'ಸ್ಲಾತ್' ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಒಂಬತ್ತು ನಿಮಿಷದ ಹಾಡು, ರಿಚರ್ಡ್ ಥಾಂಪ್ಸನ್ ಗಿಟಾರ್, ಸ್ವಾರ್‌ಬ್ರಿಕ್ ಪಿಟೀಲು, ಇಬ್ಬರೂ ಪಿಸುಗುಟ್ಟುತ್ತಾ ಹೊರಟು ಎಲ್ಲೋ ಮುಟ್ಟುತ್ತಾರೆ. ಮತ್ತೊಂದು ಪ್ರತಿ ಸಿಗಲು ಎಂಟು ತಿಂಗಳು ಬೇಕಾಯಿತು.

ಮೂರನೆಯದನ್ನು ಹೇಳಲು ನಾಚಿಕೆ. ಅವಸರಕ್ಕೆ ಬಿದ್ದು ಹೇರ್ ಡ್ರೈಯರ್ ಹಿಡಿದೆ. ತಟ್ಟೆ ಹಪ್ಪಳದ ಹಾಗೆ ಮುದುರಿಕೊಂಡಿತು. ಯಾವ ತಟ್ಟೆ ಎಂದು ಕೇಳಬೇಡಿ.

ಒಟ್ಟು ಲೆಕ್ಕ ಹೀಗೆ: ಮೂರು ವರ್ಷದಲ್ಲಿ ನೂರಾ ನಲವತ್ತರ ಹತ್ತಿರ ಬಳಿದಿದ್ದೇನೆ, ಕೆಟ್ಟದ್ದು ಹನ್ನೊಂದೋ ಹನ್ನೆರಡೋ. ಅದರಲ್ಲಿ ಒಂಬತ್ತು ಮೊದಲ ಚಳಿಗಾಲದವೇ. ಲೀಟರ್ ಅಂಟಿಗೆ ಏಳೆಂಟು ಪೌಂಡ್, ಅಂದರೆ ತಟ್ಟೆಗೆ ಹೆಚ್ಚುಕಮ್ಮಿ ಒಂದು ಪೌಂಡ್. ಸುಲಿಯುವಾಗ ಎರಡು ಅಪಾಯ. ಅಂಚಿನಲ್ಲಿ ಮೊದಲ ತುದಿ ಎಬ್ಬಿಸುವುದು ಒಂದು. ಸುಲಿದ ಕ್ಷಣ ಹುಟ್ಟುವ ಸ್ಥಿರ ವಿದ್ಯುತ್ತು ಕೋಣೆಯ ಧೂಳನ್ನೆಲ್ಲ ಎಳೆದುಕೊಳ್ಳುವುದು ಇನ್ನೊಂದು. ತುದಿ ಎಬ್ಬಿಸಲು, ಬಳಿಯುವಾಗಲೇ ಅಂಚಿನಲ್ಲಿ ಒಂದು ಕಾಗದದ ಪಟ್ಟಿ ಹುದುಗಿಸಿ, ಅಷ್ಟು ಸಾಕು. ಸ್ಥಿರ ವಿದ್ಯುತ್ತಿಗೆ ನಾನು ಮಾಡುವುದೇನೆಂದು ಗೆಳೆಯನಿಗೂ ಹೇಳಿಲ್ಲ, ಅಂಟಿಗೆ ಮುಂಚೆ ಬೆರೆಸುವ ಆ ನಾಲ್ಕು ಹನಿ ಯಾವುದರದ್ದು ಎಂದೂ ಹೇಳಿಲ್ಲ. ಅವೆರಡು ನನ್ನಲ್ಲೇ ಇರಲಿ.

ಅಂಟಿನಿಂದ ಆಗದ್ದೂ ಇದೆ. ಗೀರು ಹೋಗುವುದಿಲ್ಲ, ಸವೆದ ಗ್ರೂವ್ ಮರಳುವುದಿಲ್ಲ, ಅಚ್ಚಿನಲ್ಲೇ ಇದ್ದ ಗೊರಗೊರಕ್ಕೆ ಮದ್ದಿಲ್ಲ. 1973ರ ತೈಲ ಬಿಕ್ಕಟ್ಟಿನ ಆಸುಪಾಸಿನ ತಟ್ಟೆಗಳಲ್ಲಿ ಈ ಗೊರಗೊರ ನನಗೆ ಹೆಚ್ಚು ಸಿಕ್ಕಿದೆ. ವಿನೈಲ್ ಅಂದರೆ ಪೆಟ್ರೋಲಿಯಂ ಕೂಸು ತಾನೆ. ರಿಚರ್ಡ್ ಮತ್ತು ಲಿಂಡಾ ಥಾಂಪ್ಸನ್‌ರ 'ಐ ವಾಂಟ್ ಟು ಸೀ ದ ಬ್ರೈಟ್ ಲೈಟ್ಸ್ ಟುನೈಟ್' 1973ರಲ್ಲೇ ಧ್ವನಿಮುದ್ರಣವಾಗಿ, ವಿನೈಲ್ ಅಭಾವದಿಂದ 1974ರವರೆಗೆ ಕಾಯಬೇಕಾಯಿತು. ನನ್ನ ಪ್ರತಿಗೆ ಎರಡು ಸಲ ಬಳಿದೆ. ಲಿಂಡಾ ಕಂಠದ ಸುತ್ತಲಿದ್ದ ಚಟಪಟ ಹೋಯಿತು, ಅಡಿಯ ಗೊರಗೊರ ಉಳಿಯಿತು. ಆ ಹಾಡುಗಳ ದುಃಖಕ್ಕೆ ಅಷ್ಟು ಗೊರಗೊರ ಇದ್ದರೂ ನಡೆಯುತ್ತದೆ.

ಆಲನ್ ಸ್ಟಿವೆಲ್ ಮಾತ್ರ ನನ್ನನ್ನು ಚೆನ್ನಾಗಿ ಬೇಸ್ತು ಬೀಳಿಸಿದ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದವನು. ಅಪ್ಪನೇ ಕೈಯಾರೆ ಕಟ್ಟಿಕೊಟ್ಟ ಹಾರ್ಪ್ ಎಂಬ ತಂತಿವಾದ್ಯ ನುಡಿಸುತ್ತಾ ಬೆಳೆದವನು. 1971ರ ಅವನ ಹಾರ್ಪ್ ತಟ್ಟೆಯ ಮೊದಲ ತುಣುಕು 'ಈಸ್', ಸಮುದ್ರ ನುಂಗಿದ ಊರಿನ ಐತಿಹ್ಯದ್ದು. ಶುರುವಿನಲ್ಲಿ ಒಂದೇ ಸಮನೆ ಭೋರ್ ಎನ್ನುತ್ತಿತ್ತು. ಬಳಿದೆ, ಸುಲಿದೆ, ಹೋಗಲಿಲ್ಲ. ಮತ್ತೆ ಬಳಿದೆ. ಮೂರನೆಯ ಸಲ ಹೆಡ್‌ಫೋನ್ ಹಾಕಿ ಕೇಳಿದಾಗ ಗೊತ್ತಾಯಿತು, ಅದು ಕೊಳೆಯಲ್ಲ, ಕಡಲ ಅಲೆ. ಅಷ್ಟೂ ಅಂಟು ಸಮುದ್ರಕ್ಕೆ ಸುರಿದ ಹಾಗಾಯಿತು.

ಐರ್ಲೆಂಡಿನವು ಬೇರೆ ಥರ. ಪ್ಲ್ಯಾಂಕ್ಸ್ಟಿಯ 1973ರ ಮೊದಲ ತಟ್ಟೆಯಲ್ಲಿ 'ರ‍್ಯಾಗಲ್ ಟ್ಯಾಗಲ್ ಜಿಪ್ಸಿ' ಮುಗಿದು, ಹಾರ್ಪಿಗಾಗಿ ಹುಟ್ಟಿದ ಒಂದು ಹಳೇ ರಾಗಕ್ಕೆ ಹೊರಳುವ ಜಾಗ ಇದೆಯಲ್ಲ, ಅಲ್ಲಿ ಲಿಯಮ್ ಓ'ಫ್ಲಿನ್‌ನ ಐರಿಶ್ ಬ್ಯಾಗ್‌ಪೈಪು ಏಳುವುದನ್ನು ಶುದ್ಧವಾದ ತಟ್ಟೆಯಲ್ಲಿ ಕೇಳಬೇಕು. ಹಾರ್ಸ್‌ಲಿಪ್ಸ್‌ನ 'ಹ್ಯಾಪಿ ಟು ಮೀಟ್, ಸಾರಿ ಟು ಪಾರ್ಟ್', 1972, ಕವರೇ ಕಾನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯದ ಆಕಾರದ ಎಂಟು ಮೂಲೆಯದ್ದು. ಮೂಲೆಗಳೆಲ್ಲ ಹರಿದ ಪ್ರತಿ ನನಗೆ ಐದು ಪೌಂಡಿಗೆ ಸಿಕ್ಕಿತು. ಕವರ್ ನೋಡಿ ಉಳಿದವರು ಬಿಟ್ಟುಹೋದದ್ದು, ನನಗೆ ತಟ್ಟೆ ಸಾಕಿತ್ತು.

ನಡುವೆ ಊರಿಗೆ ಹೋದಾಗ ಇನ್ನೊಂದು ಪ್ರಯೋಗ. ಅಪ್ಪನ ಭಾವಗೀತೆಯ ಎಲ್‌ಪಿಗೆ ಫೆವಿಕಾಲ್ ಬಳಿದೆ, ಇಲ್ಲಿನ ಅಂಟಿನಷ್ಟೇ ಸೊಗಸಾಗಿ ಸುಲಿಯಿತು. ಹಾಸನದ ಮೇ ತಿಂಗಳ ಸೆಕೆಯಲ್ಲಿ ಐದೇ ಗಂಟೆಯಲ್ಲಿ ಒಣಗಿತ್ತು. ಹುಮ್ಮಸ್ಸಿನಲ್ಲಿ ಒಡೆದಿದ್ದ ಒಂದು 78 ಆರ್‌ಪಿಎಂ ತಟ್ಟೆಗೂ ಬಳಿದೆ. ಅದು ಅರಗಿನದ್ದು. ಪೊರೆಯ ಜೊತೆ ತಟ್ಟೆಯ ಮೈಯೂ ಎದ್ದು ಬಂತು. ಅಮ್ಮ, "ಇದ್ದದ್ದನ್ನೂ ಕೆಡಿಸಿದೆಯೇನೋ" ಅಂದರು. ಅರಗಿನವನ್ನು ಮುಟ್ಟಬೇಡಿ.

ಹೆಂಡತಿಗೆ ಈ ಸಂಗೀತ ಅಷ್ಟಕ್ಕಷ್ಟೆ. ಪೆಂಟ್ಯಾಂಗಲ್‌ನ 'ಕ್ರೂಯೆಲ್ ಸಿಸ್ಟರ್', 1970ರದ್ದು, ಒಣಗಿಸಿ ಹಾಕಿದ ದಿನ ಮಾತ್ರ ಅಡುಗೆಮನೆಯಿಂದ ಬಂದು ನಿಂತಳು. ಅಕ್ಕ ತಂಗಿಯನ್ನು ನೀರಿಗೆ ನೂಕುತ್ತಾಳೆ, ತಂಗಿಯ ಎದೆಗೂಡಿನಿಂದ ಹಾರ್ಪ್ ಮಾಡಿದರೆ ಅದೇ ಹಾಡಿ ಕೊಲೆ ಬಯಲು ಮಾಡುತ್ತದೆ. ಹಿಂದೆ ಜಾನ್ ರೆನ್‌ಬೋರ್ನ್ ನುಡಿಸುವ ಸಿತಾರ್. ಕಥೆ ಹೇಳಿದೆ. "'ಕೆರೆಗೆ ಹಾರ'ದ ಭಾಗೀರಥಿಗೂ ಒಂದು ಹಾರ್ಪ್ ಇದ್ದಿದ್ದರೆ" ಎಂದು ಒಳಗೆ ಹೋದಳು. ಅದರ ಎರಡನೆಯ ಸೈಡ್ ಪೂರ್ತಿ ಒಂದೇ ಹಾಡು, 'ಜ್ಯಾಕ್ ಓರಿಯನ್', ಹದಿನೆಂಟು ನಿಮಿಷ ದಾಟುತ್ತದೆ. ಬಳಿದ ಮೇಲೆ ನಾನು ಎದ್ದು ಹೋಗದೆ ಪೂರ್ತಿ ಕೇಳಿದ್ದು ಅದೇ ಮೊದಲು.

ಮ್ಯಾಂಚೆಸ್ಟರಿನವನು ಮೊನ್ನೆ ಹದಿನಾಲ್ಕು ತಟ್ಟೆ ತಂದು ಇಳಿಸಿ ಹೋಗಿದ್ದಾನೆ. ಟ್ರೀಸ್ ತಂಡದ 'ಆನ್ ದ ಶೋರ್' ಕೂಡ ಇದೆ, ಸಿಬಿಎಸ್ ಕಂಪನಿಯ ಮೂಲ ಮುದ್ರಣ. ಒಳ್ಳೆಯ ಪ್ರತಿಗೆ ನೂರಾರು ಪೌಂಡ್ ಬಾಳುವಂಥದ್ದು. ಅದರ ಮೇಲೆ ಮೇಣದಬತ್ತಿ ಸುರಿದಿದೆ, ಆ ವಿಷಯ ಫೋನಿನಲ್ಲಿ ಹೇಳಿರಲಿಲ್ಲ. ಸದ್ಯಕ್ಕೆ ಅದನ್ನು ಬೀರುವಿನ ಮೇಲೆ ಇಟ್ಟು ಉಳಿದ ಹದಿಮೂರನ್ನು ಶುರು ಮಾಡಿದ್ದೇನೆ.